ಸಫೋಕಿನ ಹಳ್ಳಿ ಚರ್ಚುಗಳು: ಸೈಕಲ್ಲಿನ ಮೇಲೊಂದು ದರ್ಶನಯಾತ್ರೆ

ಇಂದು ನಮ್ಮ ಅನೇಕ ಕುಟುಂಬಗಳ ಮಕ್ಕಳು ವೈದ್ಯರಾಗಿ, ಎಂಜಿನಿಯರುಗಳಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದೋ, ಮೊಮ್ಮಕ್ಕಳನ್ನು ಕಾಣಲೆಂದೋ ಅಲ್ಲಿಗೆ ಹೋಗಿಬರುವ ಹಿರಿಯರ ಸಂಖ್ಯೆಯೂ ಕಡಿಮೆಯೇನಲ್ಲ. ಹೋದವರು ಲಂಡನ್ನಿನ ಸೇತುವೆ, ಅರಮನೆ, ವಸ್ತುಸಂಗ್ರಹಾಲಯಗಳನ್ನು ಕಂಡು ಸಂತೋಷದಿಂದ ಹಿಂದಿರುಗುತ್ತಾರೆ. ಆದರೆ ಆ ದೇಶದ ಜನಸಾಮಾನ್ಯರ ಬಾಳುವೆಯನ್ನು, ಅವರ ಏಳೆಂಟು ಶತಮಾನಗಳ ಸುಖದುಃಖಗಳನ್ನು ಒಂದೇ ಸೂರಿನಡಿ ಕಾಣಬೇಕೆಂದರೆ ಅಲ್ಲಿಯ ಹಳ್ಳಿಯ ಚರ್ಚಿಗೆ ಹೋಗಬೇಕು. ಹಾಗೆ ಹೋಗುವುದಕ್ಕೆ ಸೈಕಲ್ಲಿಗಿಂತ ಯೋಗ್ಯವಾದ ವಾಹನ ಮತ್ತೊಂದಿಲ್ಲವೆಂಬುದು ನಮ್ಮ ಅನುಭವ. ಪೂರ್ವ ಇಂಗ್ಲೆಂಡಿನ ಸಫೋಕ್ ಜಿಲ್ಲೆಯಲ್ಲಿ ಒಂದು ಸೆಪ್ಟೆಂಬರಿನ ಎರಡು ದಿನ ಹೀಗೆ ಸಂಚರಿಸಿದಾಗ ಕಂಡ ಕೆಲವು ಸಂಗತಿಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಊರಿಗೊಂದು ಚರ್ಚು

ಇಂಗ್ಲೆಂಡಿನ ನೆಲವೆಲ್ಲ ಶತಮಾನಗಳ ಹಿಂದಿನಿಂದಲೂ 'ಪ್ಯಾರಿಷ್' ಎಂಬ ಚಿಕ್ಕ ಚಿಕ್ಕ ಘಟಕಗಳಾಗಿ ವಿಭಾಗಗೊಂಡಿದೆ. ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು, ಹೊಲ, ತೋಟಗಳ ಪ್ರದೇಶ. ಮಗು ಹುಟ್ಟಿದರೆ ದೀಕ್ಷಾಸ್ನಾನ ಅಲ್ಲಿ; ಬೆಳೆದ ಮೇಲೆ ವಿವಾಹ ಅಲ್ಲಿ; ಕೊನೆಗೆ ಸಮಾಧಿಯೂ ಅದೇ ಚರ್ಚಿನ ಅಂಗಳದಲ್ಲಿ. ಈ ಮೂರನ್ನೂ ಪ್ರತಿಯೊಂದು ಪ್ಯಾರಿಷ್ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕೆಂದು 1538ರಲ್ಲಿ ದೊರೆ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದನು. ಆದುದರಿಂದ ಅರಸರ ಚರಿತ್ರೆಯಲ್ಲಿ ಹೆಸರಿಲ್ಲದ ಕುರುಬ, ಕಮ್ಮಾರ, ಬಡಗಿಗಳ ಹೆಸರುಗಳೂ ಅಲ್ಲಿ ಉಳಿದು ಬಂದಿವೆ.

ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದ ಚರ್ಚುಗಳು ಸುಮಾರು 16,000. ಅವುಗಳಲ್ಲಿ 12,000ಕ್ಕೂ ಹೆಚ್ಚಿನವು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿವೆ. ಸಫೋಕ್ ಜಿಲ್ಲೆಯೊಂದರಲ್ಲಿಯೇ ಮಧ್ಯಯುಗದ ಸುಮಾರು 500 ಚರ್ಚುಗಳಿವೆ. ಹದಿನಾಲ್ಕು, ಹದಿನೈದನೆಯ ಶತಮಾನಗಳಲ್ಲಿ ಉಣ್ಣೆ ಮತ್ತು ಬಟ್ಟೆಯ ವ್ಯಾಪಾರದಿಂದ ಈ ಸೀಮೆ ಶ್ರೀಮಂತವಾಗಿದ್ದಿತು. ಆ ಸಂಪತ್ತು ಚರ್ಚುಗಳ ರೂಪದಲ್ಲಿ ನಿಂತಿತು.

ಇಲ್ಲಿ ಕಟ್ಟಡಕ್ಕೆ ಒದಗುವ ಒಳ್ಳೆಯ ಕಲ್ಲಿಲ್ಲ. ಹೊಲದಲ್ಲಿ, ಕಡಲ ತೀರದಲ್ಲಿ ಸಿಗುವುದು ಮುಷ್ಟಿಗಾತ್ರದ ಚಕಮಕಿ ಕಲ್ಲು ಮಾತ್ರ. ಅದನ್ನೇ ಗಾರೆಯಲ್ಲಿ ಹುದುಗಿಸಿ ಗೋಡೆ ಎಬ್ಬಿಸಿದರು. ಇಂಗ್ಲೆಂಡಿನಲ್ಲಿ ಉರುಟು ಗೋಪುರವುಳ್ಳ ಚರ್ಚುಗಳು ಸುಮಾರು 180 ಇದ್ದು, ಅವುಗಳಲ್ಲಿ ಬಹುಪಾಲು ಸಫೋಕ್ ಮತ್ತು ನೆರೆಯ ನಾರ್ಫೋಕ್ ಜಿಲ್ಲೆಗಳಲ್ಲಿವೆ. ಈ ಉಂಡೆಗಲ್ಲುಗಳಿಂದ ಮೂಲೆ ತೆಗೆಯುವುದು ಕಷ್ಟವಾದ್ದರಿಂದ ಗೋಪುರವನ್ನು ಉರುಟಾಗಿಯೇ ಕಟ್ಟಿದರೆಂಬುದು ಬಹುಕಾಲದಿಂದ ಹೇಳಿಕೊಂಡು ಬಂದ ಕಾರಣ. ಮುಂದಿನ ಪೀಳಿಗೆಯ ಕುಶಲಿಗಳು ಅದೇ ಕಲ್ಲನ್ನು ಸೀಳಿ, ಅದರ ಕಪ್ಪು ಹೊಳಪಿನ ಒಳಮೈಯನ್ನು ಹೊರಗಿಟ್ಟು, ನಡುವೆ ಬಿಳಿಯ ಸುಣ್ಣಕಲ್ಲು ಕೂಡಿಸಿ ಚಿತ್ತಾರ ಬಿಡಿಸಿದರು. ದೊರೆತ ಸಾಮಗ್ರಿಯನ್ನೇ ಹಿರಿದು ಮಾಡಿಕೊಂಡ ಜನರಿವರು.

ಸೈಕಲ್ಲೇ ಏಕೆ?

ಈಗಿನ ರೂಪದ ಸೈಕಲ್ಲು 1885ರಲ್ಲಿ ಕಾವೆಂಟ್ರಿಯ ಜೆ. ಕೆ. ಸ್ಟಾರ್ಲಿಯಿಂದ ತಯಾರಾಯಿತು, ಗಾಳಿ ತುಂಬಿದ ಟೈರನ್ನು 1888ರಲ್ಲಿ ಡನ್‌ಲಪ್ ಬಳಕೆಗೆ ತಂದನು. ಅಲ್ಲಿಂದಾಚೆಗೆ ಇಂಗ್ಲೆಂಡಿನ ಶಾಲೆಯ ಮಕ್ಕಳಿಗೂ ಗುಮಾಸ್ತರಿಗೂ ದೂರದ ಹಳ್ಳಿಗಳು ಕೈಗೆಟುಕಿದವು. ಅರೇಬಿಯದ ಲಾರೆನ್ಸ್ ಎಂದು ಮುಂದೆ ಹೆಸರಾದ ಟಿ. ಇ. ಲಾರೆನ್ಸ್ ಬಾಲ್ಯದಲ್ಲಿ ಸೈಕಲ್ಲಿನ ಮೇಲೆ ಚರ್ಚಿನಿಂದ ಚರ್ಚಿಗೆ ಹೋಗಿ, ಸಮಾಧಿಗಳ ಹಿತ್ತಾಳೆ ಫಲಕಗಳ ಮೇಲೆ ಕಾಗದವಿಟ್ಟು ಉಜ್ಜಿ ಅಚ್ಚು ತೆಗೆದುಕೊಳ್ಳುತ್ತಿದ್ದನು. ಕವಿ ಫಿಲಿಪ್ ಲಾರ್ಕಿನ್ 1954ರಲ್ಲಿ ಬರೆದ 'ಚರ್ಚ್ ಗೋಯಿಂಗ್' ಎಂಬ ಪ್ರಸಿದ್ಧ ಕವಿತೆಯಲ್ಲಿ ಬರುವವನೂ ಸೈಕಲ್ ಸವಾರನೇ. ಆತನಿಗೆ ನಂಬಿಕೆಯಿಲ್ಲ, ಆದರೂ ಖಾಲಿ ಚರ್ಚುಗಳೆದುರು ಇಳಿಯದೆ ಮುಂದೆ ಹೋಗಲಾರ. ಇವು ಪೂರ್ಣವಾಗಿ ಬಳಕೆ ತಪ್ಪಿದರೆ ಏನಾದಾವು ಎಂಬ ಆತನ ಚಿಂತೆ ಇಂದು ಕವಿತೆಯ ಹೊರಗೂ ಉಳಿದಿದೆ.

ಸಫೋಕಿನಲ್ಲಿ ಒಂದು ಚರ್ಚಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಮೂರು ನಾಲ್ಕು ಕಿಲೋಮೀಟರ್ ಅಂತರ. ನಡೆದರೆ ದಿನಕ್ಕೆ ಎರಡೋ ಮೂರೋ ಆದೀತು. ಕಾರಿನಲ್ಲಿ ಹೋದರೆ ಎತ್ತರವಾದ ಬೇಲಿಗಿಡಗಳ ನಡುವಿನ ಓಣಿದಾರಿಯಲ್ಲಿ ಗೋಪುರ ಕಣ್ಣಿಗೆ ಬೀಳುವ ಮೊದಲೇ ದಾಟಿಬಿಡುತ್ತೇವೆ. ಸೈಕಲ್ಲಿನ ವೇಗ ಈ ದೂರಗಳಿಗೆ ಸರಿಹೊಂದುತ್ತದೆ. ಆರ್ಡ್‌ನೆನ್ಸ್ ಸರ್ವೆಯ 156ನೆಯ ಸಂಖ್ಯೆಯ ನಕ್ಷೆಯೊಂದಿದ್ದರೆ ಸಾಕು. ಆ ನಕ್ಷೆಯಲ್ಲಿ ಕಪ್ಪು ಚೌಕದ ಮೇಲೆ ಶಿಲುಬೆ ಇದ್ದರೆ ಗೋಪುರವುಳ್ಳ ಚರ್ಚು. ಕಪ್ಪು ವೃತ್ತದ ಮೇಲಿದ್ದರೆ ಚೂಪು ಶಿಖರ ಅಥವಾ ಗುಮ್ಮಟವುಳ್ಳದ್ದು. ಬರಿಯ ಶಿಲುಬೆಯಾದರೆ ಎರಡೂ ಇಲ್ಲದ್ದು. ನಾವು ಲಂಡನ್ನಿನಿಂದ ಇಪ್ಸ್‌ವಿಚ್‌ಗೆ, ಅಲ್ಲಿಂದ ಹೇಲ್ಸ್‌ವರ್ತ್‌ಗೆ ರೈಲಿನಲ್ಲಿ ಬಂದು ಸೈಕಲ್ಲು ಹತ್ತಿದೆವು.

ಹಂಟಿಂಗ್‌ಫೀಲ್ಡ್: ಒಬ್ಬ ಗೃಹಿಣಿಯ ಕೈಂಕರ್ಯ

ಹೊರಗಿನಿಂದ ನೋಡಿದರೆ ಹಂಟಿಂಗ್‌ಫೀಲ್ಡಿನ ಸೇಂಟ್ ಮೇರಿ ಚರ್ಚಿನಲ್ಲಿ ವಿಶೇಷವೇನೂ ತೋರದು. ಒಳಗೆ ಅಡಿಯಿಟ್ಟು ತಲೆಯೆತ್ತಿದರೆ ಚಾವಣಿಯ ಒಂದಂಗುಲವೂ ಬರಿದಾಗಿಲ್ಲ: ಕೆಂಪು, ಹಸಿರು, ನೀಲಿ, ಬಂಗಾರದ ಬಣ್ಣಗಳಲ್ಲಿ ದೇವದೂತರು, ಸಂತರು, ಬಳ್ಳಿ ಹೂವುಗಳು. ಇದನ್ನು ಬರೆದವರು ಯಾವ ಹೆಸರಾಂತ ಚಿತ್ರಕಾರರೂ ಅಲ್ಲ. ಇಲ್ಲಿಯ ಪಾದ್ರಿ ವಿಲಿಯಂ ಹಾಲೆಂಡರ ಪತ್ನಿ ಮಿಲ್ಡ್ರೆಡ್ ಹಾಲೆಂಡ್. 1859ರಲ್ಲಿ ಆರಂಭಿಸಿ 1866ರವರೆಗೆ, ಅಟ್ಟಣಿಗೆಯ ಮೇಲೆ ಅಂಗಾತ ಮಲಗಿ, ಮೊದಲು ಬಲಿಪೀಠದ ಮೇಲಣ ಭಾಗವನ್ನೂ ತರುವಾಯ ಜನರು ಕೂಡುವ ದೊಡ್ಡ ಅಂಕಣವನ್ನೂ ಆಕೆ ತುಂಬಿಸಿದರು. ಅಟ್ಟಣಿಗೆ ಕಟ್ಟಿ ಹಲಗೆ ಸಿದ್ಧಪಡಿಸುವವರೆಗಷ್ಟೇ ಕೆಲಸಗಾರರ ನೆರವು. ಕುಂಚ ಹಿಡಿದದ್ದು ಆಕೆಯೇ.

ಇಂಗ್ಲೆಂಡಿನಲ್ಲಿ ಆ ಕಾಲದ ಹಳ್ಳಿಯ ಪಾದ್ರಿಯ ಹೆಂಡತಿಗೆ ಮನೆವಾರ್ತೆ, ರೋಗಿಗಳ ಭೇಟಿ, ಭಾನುವಾರದ ಪಾಠಶಾಲೆಗಳೇ ಜೀವನ. ಅದರ ನಡುವೆ ಒಬ್ಬ ಗೃಹಿಣಿ ಏಳು ವರ್ಷಗಳ ದೀಕ್ಷೆ ತೊಟ್ಟು ಇಂಥ ಕಾರ್ಯ ಸಾಧಿಸಿದರೆಂದರೆ ನಮ್ಮ ಸೋದರಿಯರು ಅವಶ್ಯ ಮನಗಾಣಬೇಕಾದ ಸಂಗತಿ. ದೀಕ್ಷಾಸ್ನಾನದ ತೊಟ್ಟಿಯ ಮೇಲೆ ಎತ್ತರವಾಗಿ ನಿಂತಿರುವ ಕೆತ್ತನೆಯ ಮರದ ಮುಚ್ಚಳ ಆಕೆಯ ಸ್ಮಾರಕವಾಗಿದೆ.

ಬ್ರಾಮ್‌ಫೀಲ್ಡ್ ಮತ್ತು ವೆನ್‌ಹ್ಯಾಸ್ಟನ್

ಅಲ್ಲಿಂದ ಕೊಯ್ಲು ಮುಗಿದ ಹೊಲಗಳ ನಡುವೆ ಪೂರ್ವಕ್ಕೆ ಸಾಗಿದರೆ ಬ್ರಾಮ್‌ಫೀಲ್ಡ್. ಇಲ್ಲಿ ಚರ್ಚು ಒಂದು ಕಡೆ, ಉರುಟು ಗೋಪುರ ಇನ್ನೊಂದು ಕಡೆ, ಬೇರೆ ಬೇರೆಯಾಗಿಯೇ ನಿಂತಿವೆ. ಚರ್ಚಿನ ಮೇಲೆ ಹುಲ್ಲಿನ ಹೊದಿಕೆ. ಒಳಗೆ ಹದಿನೇಳನೆಯ ಶತಮಾನದ ಶಿಲ್ಪಿ ನಿಕೋಲಸ್ ಸ್ಟೋನ್ ಕೆತ್ತಿದ ಆರ್ಥರ್ ಕೋಕ್ ದಂಪತಿಗಳ ಸ್ಮಾರಕವಿದೆ. ಎಲಿಜಬೆತ್ ಕೋಕ್ 1627ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಶಿಲ್ಪಿಯು ಅವಳನ್ನು ಮಲಗಿರುವಂತೆ ಕೆತ್ತಿ, ಮಗ್ಗುಲಲ್ಲಿ ಹಸುಗೂಸನ್ನು ಇಟ್ಟಿದ್ದಾನೆ. ಮೇಲೆ ಮೊಣಕಾಲೂರಿ ಕುಳಿತ ಪತಿ. ಭಾಷೆ ಬಾರದವನಿಗೂ ಈ ಕಲ್ಲು ತನ್ನ ಕಥೆಯನ್ನು ಹೇಳುತ್ತದೆ.

ನಾಲ್ಕು ಕಿಲೋಮೀಟರ್ ಆಚೆಗಿನ ವೆನ್‌ಹ್ಯಾಸ್ಟನ್ನಿನ ಸೇಂಟ್ ಪೀಟರ್ ಚರ್ಚಿನಲ್ಲಿರುವುದು ಅಂತಿಮ ತೀರ್ಪಿನ ಚಿತ್ರ. ಅಗಲವಾದ ಮರದ ಹಲಗೆಗಳ ಮೇಲೆ ಸುಮಾರು 500 ವರ್ಷಗಳ ಹಿಂದೆ ಬರೆದದ್ದು. ಕಾಮನಬಿಲ್ಲಿನ ಮೇಲೆ ಕುಳಿತ ಕ್ರಿಸ್ತ. ಕೆಳಗೆ ತಕ್ಕಡಿ ಹಿಡಿದು ಆತ್ಮಗಳನ್ನು ತೂಗುತ್ತಿರುವ ದೇವದೂತ ಮೈಕೇಲ್. ಒಂದು ಕಡೆ ಸ್ವರ್ಗದ ಬಾಗಿಲು, ಇನ್ನೊಂದು ಕಡೆ ನರಕದ ಬಾಯಿ. ಸಂತ ಪೀಟರನ ಮುಂದೆ ನಿಂತ ರಾಜ, ರಾಣಿ, ಬಿಷಪ್, ಕಾರ್ಡಿನಲ್ ನಾಲ್ವರ ಮೈಮೇಲೂ ಅರಿವೆಯಿಲ್ಲ. ತಲೆಯ ಮೇಲಣ ಕಿರೀಟ ಟೊಪ್ಪಿಗೆಗಳಿಂದಷ್ಟೇ ಯಾರು ಯಾರೆಂದು ತಿಳಿಯಬೇಕು. ಅಕ್ಷರ ಬಾರದ ಹಳ್ಳಿಗರು ಪ್ರತಿ ಭಾನುವಾರ ಇದನ್ನು ನೋಡುತ್ತ ಕುಳಿತಿರುತ್ತಿದ್ದರು.

ಹದಿನಾರನೆಯ ಶತಮಾನದ ಧರ್ಮಸುಧಾರಣೆಯ ಕಾಲದಲ್ಲಿ ಇಂಥ ಚಿತ್ರಗಳು ನಿಷಿದ್ಧವಾದವು. ಹಲಗೆಗಳಿಗೆ ಸುಣ್ಣ ಬಳಿಯಲಾಯಿತು. ಕಾಲಕ್ರಮದಲ್ಲಿ ಅಡಿಯಲ್ಲಿ ಚಿತ್ರವಿದೆಯೆಂಬುದೇ ಮರೆತುಹೋಯಿತು. 1892ರ ಜೀರ್ಣೋದ್ಧಾರದ ವೇಳೆ ಕೆಲಸಗಾರರು ಈ ಹಲಗೆಗಳನ್ನು ಕಿತ್ತು ಅಂಗಳದಲ್ಲಿ ಎಸೆದರು. ಆ ರಾತ್ರಿ ಮಳೆ ಸುರಿದು ಸುಣ್ಣವನ್ನು ತೊಳೆದುಬಿಟ್ಟಿತು. ಬೆಳಗ್ಗೆ ಬಂದವರು ನೋಡಿದರೆ ಹಲಗೆಗಳ ಮೇಲೆ ಮುಖಗಳು ಎದ್ದು ನಿಂತಿದ್ದವು! ಚಿತ್ರದ ನಡುವೆ ಮೂರು ಖಾಲಿ ಆಕಾರಗಳಿವೆ. ಅಲ್ಲಿ ಹಿಂದೆ ಶಿಲುಬೆಯೂ ಅದರ ಇಕ್ಕೆಲದ ಮೂರ್ತಿಗಳೂ ನಿಂತಿದ್ದವು. ಅವು ಹೋದವು, ಅವುಗಳ ನೆರಳಿನಂಥ ಆಕಾರ ಮಾತ್ರ ಉಳಿಯಿತು.

ಬ್ಲೈತ್‌ಬರೋದ ದೇವದೂತರು

ಸಂಜೆಯ ಹೊತ್ತಿಗೆ ಬ್ಲೈತ್ ನದಿಯ ಜೌಗು ಬಯಲಿನ ಅಂಚಿಗೆ ಬಂದರೆ ನೀರಿನಾಚೆ ಹೋಲಿ ಟ್ರಿನಿಟಿ ಚರ್ಚು ಹಡಗಿನಂತೆ ನಿಂತಿರುತ್ತದೆ. ಊರಿನ ಬದಿಯಲ್ಲಿಯೇ ಎ-12 ಹೆದ್ದಾರಿ ಇರುವುದರಿಂದ ಸೈಕಲ್ಲಿನವರು ಎಚ್ಚರದಿಂದ ದಾಟಬೇಕು. ಹದಿನೈದನೆಯ ಶತಮಾನದ ಈ ಚರ್ಚಿನ ಚಾವಣಿಯ ತೊಲೆಗಳ ನಡುವೆ ರೆಕ್ಕೆ ಬಿಚ್ಚಿದ ಮರದ ದೇವದೂತರಿದ್ದಾರೆ. ಬಣ್ಣ ಮಾಸಿದೆ, ಗಾಂಭೀರ್ಯ ಮಾಸಿಲ್ಲ.

ಈ ಕಟ್ಟಡ ಕಂಡ ಕಷ್ಟಗಳು ಒಂದೆರಡಲ್ಲ. 1577ರ ಆಗಸ್ಟ್ 4ರ ಭಾನುವಾರ ಪ್ರಾರ್ಥನೆ ನಡೆಯುತ್ತಿರುವಾಗಲೇ ಸಿಡಿಲು ಬಡಿದು ಗೋಪುರದ ಶಿಖರ ಕುಸಿಯಿತು. ಒಬ್ಬ ಪುರುಷನೂ ಒಬ್ಬ ಬಾಲಕನೂ ಮಡಿದರು. ಕರಿನಾಯಿಯ ರೂಪದ ಪಿಶಾಚಿಯೇ ಬಂದು ಹೋಯಿತೆಂದು ಜನ ನಂಬಿದರು. ಉತ್ತರದ ಬಾಗಿಲ ಮೇಲಿನ ಸುಟ್ಟ ಕಲೆಗಳನ್ನು ಅದರ ಉಗುರಿನ ಗುರುತೆಂದು ಇಂದಿಗೂ ತೋರಿಸುತ್ತಾರೆ.

ಅಂತರ್ಯುದ್ಧದ ಕಾಲದಲ್ಲಿ, 1644ರ ಏಪ್ರಿಲ್‌ನಲ್ಲಿ, ವಿಲಿಯಂ ಡೌಸಿಂಗ್ ಇಲ್ಲಿಗೆ ಬಂದನು. ಚರ್ಚುಗಳಲ್ಲಿಯ ಮೂರ್ತಿ, ಚಿತ್ರ, ಬಣ್ಣದ ಗಾಜುಗಳನ್ನು ನಾಶಪಡಿಸಲು ಪಾರ್ಲಿಮೆಂಟಿನ ಪಕ್ಷದವರು ನೇಮಿಸಿದ್ದ ಅಧಿಕಾರಿ ಈತ. ಇದೇ ಜಿಲ್ಲೆಯ ಲಾಕ್ಸ್‌ಫೀಲ್ಡಿನಲ್ಲಿ ಹುಟ್ಟಿದವನು. ಕೇಂಬ್ರಿಡ್ಜ್ ಮತ್ತು ಸಫೋಕ್ ಸೀಮೆಗಳ ಸುಮಾರು 250 ಚರ್ಚುಗಳಲ್ಲಿ ತಾನು ಮಾಡಿದ ಕೆಲಸವನ್ನು ಆತ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಬ್ಲೈತ್‌ಬರೋದ ದೇವದೂತರನ್ನು ತೆಗೆಯಲು ಆತ ಆದೇಶವಿತ್ತರೂ ಅಷ್ಟೆತ್ತರದಲ್ಲಿದ್ದ ಅವರು ಉಳಿದುಕೊಂಡರು. ಅವರ ಮೈಯಲ್ಲಿ ಕಂಡ ಗುಂಡಿನ ತೂತುಗಳು ಡೌಸಿಂಗನ ಸೈನಿಕರವೆಂದು ಬಹುಕಾಲ ಹೇಳಲಾಗುತ್ತಿತ್ತು. ದುರಸ್ತಿಯ ವೇಳೆ ತೂತುಗಳಲ್ಲಿ ಸಿಕ್ಕ ಸೀಸದ ಚೂರುಗಳು ಬೇರೆಯೇ ಕಥೆ ಹೇಳಿದವು. ಅವು ಹದಿನೆಂಟನೆಯ ಶತಮಾನದವು. ಚಾವಣಿಯಲ್ಲಿ ಗೂಡು ಕಟ್ಟುತ್ತಿದ್ದ ಕಾಗೆಯ ಜಾತಿಯ ಹಕ್ಕಿಗಳನ್ನು ಹೊಡೆಯಲು ಮದ್ದುಗುಂಡಿಗೆ ಹಣ ಕೊಟ್ಟ ಲೆಕ್ಕ ಚರ್ಚಿನದೇ ಪುಸ್ತಕದಲ್ಲಿದೆ. ವೈರಿಯ ಮೇಲೆ ಹೊರಿಸಿದ ಹಾನಿ ಮನೆಯವರದೇ ಆಗಿತ್ತು! ಚರಿತ್ರೆಯನ್ನು ಹೇಳುವವರು ನೆನಪಿಡಬೇಕಾದ ಮಾತಿದು.

1881ರಲ್ಲಿ ಕಟ್ಟಡ ಅಪಾಯಕಾರಿಯೆಂದು ಬಾಗಿಲು ಮುಚ್ಚಲಾಯಿತು. ಅದನ್ನು ಹೇಗೆ ಉಳಿಸಬೇಕೆಂಬ ಚರ್ಚೆಯಲ್ಲಿ ಕವಿಯೂ ಕುಶಲಿಯೂ ಆದ ವಿಲಿಯಂ ಮಾರಿಸ್ 1877ರಲ್ಲಿ ಸ್ಥಾಪಿಸಿದ ಪುರಾತನ ಕಟ್ಟಡಗಳ ಸಂರಕ್ಷಣಾ ಸಂಘವೂ ಪಾಲುಗೊಂಡಿತು. ಹಳೆಯದನ್ನು ಕೆಡವಿ ಹೊಸದಾಗಿ ಕಟ್ಟುವುದು ಜೀರ್ಣೋದ್ಧಾರವಲ್ಲ. ಇರುವುದನ್ನು ಇರುವಂತೆಯೇ ಬಿಗಿಪಡಿಸಿ ಮುಂದಿನವರಿಗೆ ಒಪ್ಪಿಸಬೇಕೆಂಬುದು ಆ ಸಂಘದ ನಿಲುವು.

ಕುಗ್ಗಿಸಿ ಉಳಿಸಿದವರು, ಕಡಲಿಗೆ ಕಳೆದುಕೊಂಡವರು

ಎರಡನೆಯ ದಿನ ನಾವು ಕಡಲ ದಿಕ್ಕಿಗೆ ತಿರುಗಿದೆವು. ವಾಲ್ಬರ್ಸ್‌ವಿಕ್ ಒಂದು ಕಾಲಕ್ಕೆ ಮೀನುಗಾರಿಕೆಯಿಂದಲೂ ಹಡಗಿನ ವ್ಯಾಪಾರದಿಂದಲೂ ಮೆರೆದ ಊರು. ಹದಿನೈದನೆಯ ಶತಮಾನದಲ್ಲಿ ದೊಡ್ಡ ಚರ್ಚು ಕಟ್ಟಿಸಿದರು. ಮುಂದೆ ವ್ಯಾಪಾರ ಕುಸಿಯಿತು, ಜನ ಕಡಿಮೆಯಾದರು; ಆ ಗಾತ್ರದ ಚಾವಣಿಯನ್ನು ಕಾಪಾಡುವ ಶಕ್ತಿ ಉಳಿಯಲಿಲ್ಲ. 1695ರಲ್ಲಿ ಊರವರು ಅನುಮತಿ ಪಡೆದು, ಬಹುಭಾಗವನ್ನು ಬಿಚ್ಚಿ ಮಾರಿ, ಬಂದ ಹಣದಿಂದ ಒಂದು ಪಕ್ಕದ ಅಂಕಣವನ್ನಷ್ಟೇ ಭದ್ರಪಡಿಸಿಕೊಂಡು ಪೂಜೆ ಮುಂದುವರಿಸಿದರು. ಸಮೀಪದ ಕವ್‌ಹೈತ್‌ನಲ್ಲಿಯೂ 1672ರಲ್ಲಿ ಹೀಗೆಯೇ ಆಗಿ, ಮಹಾಭಗ್ನಾವಶೇಷದ ಒಡಲಲ್ಲಿ ಹುಲ್ಲು ಹೊದಿಕೆಯ ಪುಟ್ಟ ಚರ್ಚು ಕುಳಿತಿದೆ. ಬಿರುಕು ಬಿಟ್ಟ ಎತ್ತರದ ಗೋಡೆಗಳ ನಡುವೆ ಈ ಚಿಕ್ಕ ಬಾಗಿಲುಗಳನ್ನು ಕಂಡಾಗ ನಮಗೆ ಮೂಡಿದ್ದು ಮರುಕವಲ್ಲ, ಗೌರವ. ದೊಡ್ಡದನ್ನು ಬಿಟ್ಟುಕೊಟ್ಟಾದರೂ ಪೂಜೆಯನ್ನು ನಿಲ್ಲಿಸದೆ ಇದ್ದವರು ಅವರು.

ಡನ್ವಿಚ್‌ನಲ್ಲಿ ಆ ಅವಕಾಶವೂ ಇರಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಇಂಗ್ಲೆಂಡಿನ ಪ್ರಮುಖ ಬಂದರುಗಳಲ್ಲೊಂದಾಗಿದ್ದ ಈ ಪಟ್ಟಣವನ್ನು 1286ರ ಬಿರುಗಾಳಿಯಿಂದ ಮೊದಲ್ಗೊಂಡು ಸಮುದ್ರ ಹಂತಹಂತವಾಗಿ ನುಂಗಿತು. ಕೊನೆಯದಾಗಿ ಉಳಿದಿದ್ದ ಮಧ್ಯಯುಗದ ಪ್ಯಾರಿಷ್ ಚರ್ಚು ಆಲ್ ಸೇಂಟ್ಸ್ 1904ರಿಂದ 1919ರ ಒಳಗೆ ತುಂಡುತುಂಡಾಗಿ ದಿಬ್ಬದ ಕೆಳಗೆ ಬಿದ್ದಿತು. ಅದರ ಒಂದು ಆಧಾರಗೋಡೆಯನ್ನು ಮಾತ್ರ ಈಗಿನ ಸೇಂಟ್ ಜೇಮ್ಸ್ ಚರ್ಚಿನ ಅಂಗಳಕ್ಕೆ ತಂದು ನಿಲ್ಲಿಸಿದ್ದಾರೆ. ಬಿರುಗಾಳಿಯ ರಾತ್ರಿ ಸಮುದ್ರದೊಳಗಿಂದ ಘಂಟಾನಾದ ಕೇಳುತ್ತದೆಂಬುದು ಅಲ್ಲಿಯ ಜನಜನಿತವಾದ ಮಾತು.

ಚಾವಣಿ ಯಾರ ಹೊಣೆ?

ಇವೆಲ್ಲ ಪ್ರಭುತ್ವದ ಕೃಪೆಯಿಂದ ಉಳಿದಿವೆಯೆಂದು ಓದುಗರು ಭಾವಿಸಬಹುದು. ಹಾಗಲ್ಲ. ಚರ್ಚ್ ಆಫ್ ಇಂಗ್ಲೆಂಡ್ ಆ ದೇಶದ ಅಧಿಕೃತ ಧರ್ಮಸಂಸ್ಥೆಯಾದರೂ ಹಳ್ಳಿಯ ಚರ್ಚಿನ ದುರಸ್ತಿಗೆ ಸರ್ಕಾರದಿಂದ ನಿಯತವಾದ ಹಣ ಬರುವುದಿಲ್ಲ. ಹೊಣೆಯೆಲ್ಲ ಆಯಾ ಊರಿನ ಚರ್ಚಿನ ಮಂಡಳಿಯದು. 1955ರಲ್ಲಿ ಕಾನೂನಿನಿಂದ ಜಾರಿಗೆ ಬಂದ ಪದ್ಧತಿಯಂತೆ ಐದು ವರ್ಷಕ್ಕೊಮ್ಮೆ ವಾಸ್ತುತಜ್ಞರು ಬಂದು ಕಟ್ಟಡವನ್ನು ಪರೀಕ್ಷಿಸಿ ವರದಿ ಕೊಡುತ್ತಾರೆ; ಹಣ ಹೊಂದಿಸುವವರು ಊರವರೇ. ಅನೇಕ ಹಳ್ಳಿಗಳಲ್ಲಿ ಭಾನುವಾರ ಸೇರುವವರು ಹತ್ತು ಹದಿನೈದು ಮಂದಿ, ಅವರಲ್ಲಿಯೂ ಹೆಚ್ಚಿನವರು ವೃದ್ಧರು. ಐದಾರು ಊರುಗಳಿಗೆ ಒಬ್ಬರೇ ಪಾದ್ರಿ. ಇದರ ಮೇಲೆ ಚಾವಣಿಯ ಸೀಸದ ಹಾಳೆಗಳನ್ನು ಕದ್ದೊಯ್ಯುವವರ ಕಾಟ.

ಬಳಕೆ ನಿಂತ ಚರ್ಚುಗಳ ರಕ್ಷಣೆಗೆ 1969ರಲ್ಲಿ ಒಂದು ನಿಧಿ ಸ್ಥಾಪನೆಯಾಯಿತು. ಇಂದು ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ಎಂಬ ಹೆಸರಿನ ಆ ಸಂಸ್ಥೆ 350ಕ್ಕೂ ಹೆಚ್ಚು ಚರ್ಚುಗಳನ್ನು ನೋಡಿಕೊಳ್ಳುತ್ತಿದೆ. 1957ರಲ್ಲಿ ಹುಟ್ಟಿದ 'ಗೆಳೆಯರಿಲ್ಲದ ಚರ್ಚುಗಳ ಗೆಳೆಯರು' ಎಂಬ ಸಂಘವೂ ಇದೇ ಸೇವೆಯಲ್ಲಿದೆ. ಆದರೆ ಇನ್ನೂ ಪೂಜೆ ನಡೆಯುತ್ತಿರುವ ಚರ್ಚುಗಳಿಗೆ ಆಸರೆಯಾದುದರಲ್ಲಿ ನಮ್ಮ ಸೈಕಲ್ಲಿನದೂ ಒಂದು ಪಾತ್ರವಿದೆ.

ಸಫೋಕ್ ಹಿಸ್ಟಾರಿಕ್ ಚರ್ಚಸ್ ಟ್ರಸ್ಟ್ 1980ರ ದಶಕದ ಆರಂಭದಲ್ಲಿ ಒಂದು ಸೈಕಲ್ ಯಾತ್ರೆಯನ್ನು ಆರಂಭಿಸಿತು. ಇಂದು 'ರೈಡ್ ಅಂಡ್ ಸ್ಟ್ರೈಡ್' ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಅನೇಕ ಜಿಲ್ಲೆಗಳಲ್ಲಿ ಸೆಪ್ಟೆಂಬರಿನ ಎರಡನೆಯ ಶನಿವಾರ ಇದು ನಡೆಯುತ್ತದೆ. ಸೈಕಲ್ಲಿನವರು, ನಡೆಯುವವರು, ಕುದುರೆ ಏರಿದವರು ಆ ದಿನ ಎಷ್ಟು ಚರ್ಚುಗಳಿಗೆ ಸಾಧ್ಯವೋ ಅಷ್ಟಕ್ಕೆ ಭೇಟಿಕೊಡುತ್ತಾರೆ. ಒಂದೊಂದು ಚರ್ಚಿಗೆ ಇಂತಿಷ್ಟೆಂದು ಬಂಧುಮಿತ್ರರು ಮೊದಲೇ ವಂತಿಗೆ ಒಪ್ಪಿಕೊಂಡಿರುತ್ತಾರೆ. ಸಂಗ್ರಹವಾದ ಹಣದಲ್ಲಿ ಸಾಮಾನ್ಯವಾಗಿ ಅರ್ಧ ಸವಾರನು ಆರಿಸಿದ ಚರ್ಚಿಗೆ, ಇನ್ನರ್ಧ ಜಿಲ್ಲಾ ಟ್ರಸ್ಟಿನ ದುರಸ್ತಿ ನಿಧಿಗೆ. ಚರ್ಚಿನ ಬಾಗಿಲಲ್ಲಿ ಒಂದು ಮೇಜು, ಹೆಸರು ಬರೆಯಲು ಹಾಳೆ, ಹಣ್ಣಿನ ಪಾನಕ, ಬಿಸ್ಕತ್ತು. ಇಂಥದೊಂದು ಮೇಜಿನ ಬಳಿ ಕುಳಿತಿದ್ದ ವೃದ್ಧೆಯೊಬ್ಬರು ನಮ್ಮ ಲೋಟಕ್ಕೆ ಪಾನಕ ತುಂಬಿ, ತಮ್ಮ ಚರ್ಚಿನ ಮಳೆನೀರಿನ ದೋಣಿ ಕಳೆದ ವರ್ಷ ಈ ಹಣದಿಂದಲೇ ಸರಿಯಾಯಿತೆಂದು ತೋರಿಸಿದರು. ಆರುನೂರು ವರ್ಷಗಳ ಗೋಡೆಯನ್ನು ಒಂದು ದೋಣಿ ಕಾಪಾಡುತ್ತದೆ. ನೀರು ಒಳಗಿಳಿದರೆ ಹತ್ತು ವರ್ಷ ಸಾಕು, ತೊಲೆ ಕೊಳೆಯಲು.

ಹೋಗುವವರಿಗೆ ನಾಲ್ಕು ಮಾತು

ಇಂಗ್ಲೆಂಡಿಗೆ ಹೋಗುವ ನಮ್ಮ ಓದುಗರು ಮೊಮ್ಮಕ್ಕಳ ಜೊತೆ ಒಂದು ದಿನವಾದರೂ ಹೀಗೆ ಹೋಗಿಬರಬೇಕು. ಸ್ವತಃ ಸೈಕಲ್ಲು ತುಳಿಯಲಾಗದ ಹಿರಿಯರು ಒಂದು ಹಳ್ಳಿಯಲ್ಲಿ ಇಳಿದುಕೊಂಡು, ಮಕ್ಕಳು ಸುತ್ತಿಬರುವವರೆಗೆ ಒಂದೇ ಚರ್ಚನ್ನು ಸಾವಧಾನವಾಗಿ ನೋಡಬಹುದು. ರೈಲಿನಲ್ಲಿ ಸೈಕಲ್ಲಿಗೆ ಸ್ಥಳ ಕಡಿಮೆ, ಮೊದಲೇ ವಿಚಾರಿಸಿಕೊಳ್ಳಬೇಕು. ಪಂಪು, ಪಂಕ್ಚರ್ ಹಾಕುವ ಸಾಮಾನು, ಮಳೆಯಂಗಿ ಜೊತೆಗಿರಲಿ. ಹಳ್ಳಿಗಳಲ್ಲಿ ಅಂಗಡಿ ಅಪರೂಪ. ಶಾಕಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗುವುದೇ ಲೇಸು.

ಬಹುತೇಕ ಚರ್ಚುಗಳ ಬಾಗಿಲು ಹಗಲಿನಲ್ಲಿ ತೆರೆದಿರುತ್ತದೆ, ಪ್ರವೇಶಧನವಿಲ್ಲ. ಬೀಗ ಹಾಕಿದ್ದರೆ ಬೀಗದ ಕೈ ಯಾರ ಮನೆಯಲ್ಲಿದೆಯೆಂದು ಮುಖಮಂಟಪದಲ್ಲಿ ಅನೇಕ ಕಡೆ ಬರೆದಿರುತ್ತದೆ. ಪಾದರಕ್ಷೆ ಕಳಚುವ ರೂಢಿ ಅಲ್ಲಿಲ್ಲ. ಪುರುಷರು ಟೊಪ್ಪಿಗೆ ತೆಗೆಯುತ್ತಾರೆ. ಒಳಗೆ ಪ್ರಾರ್ಥಿಸುವವರಿದ್ದರೆ ಸದ್ದಿಲ್ಲದೆ ಕುಳಿತಿರಬೇಕು. ಹೊರಡುವಾಗ ಭೇಟಿಯ ಪುಸ್ತಕದಲ್ಲಿ ಹೆಸರನ್ನೂ ಊರನ್ನೂ ಬರೆಯಿರಿ. ಧಾರವಾಡವೆಂದೋ ದಾವಣಗೆರೆಯೆಂದೋ ಬರೆದದ್ದನ್ನು ಓದಿ ಆ ಊರಿನ ಹತ್ತು ಮಂದಿ ತಾವು ಕಾಯುತ್ತಿರುವುದು ವ್ಯರ್ಥವಲ್ಲವೆಂದು ತಿಳಿದಾರು. ಗೋಡೆಯ ಕಾಣಿಕೆ ಪೆಟ್ಟಿಗೆಯಲ್ಲಿ ಒಂದೆರಡು ಪೌಂಡು ಹಾಕಿರಿ. ಹಕ್ಕಿ ಒಳಗೆ ಸಿಕ್ಕಿಬೀಳದಂತೆ ಬಾಗಿಲನ್ನು ಭದ್ರವಾಗಿ ಮುಚ್ಚಿ ಬನ್ನಿರಿ.